ಸಪ್ನಾ ಕೂರಬೇಕಿದ್ದ ಜಾಗ

ಸಪ್ನಾ ಮೊದಲ ಸಲ ನಮ್ಮ ಮನೆ ಬಾಗಿಲಿಗೆ ಬಂದದ್ದು ಟಿವಿಯ ಸದ್ದಿನ ವಿಷಯಕ್ಕೆ. ಕಾರವಾರದ ಬೈತಖೋಲದಲ್ಲಿ, ಬಂದರಿನ ಹಿಂದಿನ ಗುಡ್ಡದ ಬುಡದಲ್ಲಿ ನಾವು ಬಾಡಿಗೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಮಗಳು ಆಗಷ್ಟೇ ಬೋರಲು ಬೀಳಲು ಕಲಿತಿದ್ದಳು. ಅವಳು ಮಲಗಿದಾಗ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವುದೇ ನನ್ನ ದಿನವಿಡೀ ಕೆಲಸ. ಆ ಹೆದರಿಕೆಯನ್ನು ಮುಚ್ಚಿಡಲು ಹಾಡಿನ ಚಾನೆಲ್ ಹಾಕಿಕೊಂಡಿರುತ್ತಿದ್ದೆ. ಬಾಗಿಲಲ್ಲಿ ನಿಂತ ಹುಡುಗಿಯನ್ನು ಕಂಡಾಗ ಜಗಳಕ್ಕೇ ಬಂದಿದ್ದಾಳೆ ಅಂದುಕೊಂಡೆ.

"ಚೂರು ದೊಡ್ಡ ಮಾಡ್ತ್ರಾ ವೈನಿ?" ಅಂದಳು. "ನಮ್ಮನೆಗೆ ಅರ್ಧ ಹಾಡೇ ಕೇಳ್ತದೆ. ಉಳಿದದ್ದು ನಾನೇ ಹೇಳ್ಕಣಬೇಕಾತದೆ."

ನಮ್ಮ ಗೋಡೆಗೆ ಗೋಡೆ ಅಂಟಿದ ಮನೆ ಅವರದು. ಸಪ್ನಾಳ ಅತ್ತೆ ಕಾಶಿಬಾಯಿ ಪೇಟೆಯ ಮೀನು ಮಾರುಕಟ್ಟೆಯಲ್ಲಿ ಕೂತು ಕೂತೇ ಮುದುಕಿಯಾದವಳು. ಹಿರಿಯ ಮಗ ನಿತೇಶ ಟ್ರಾಲರ್ ಮೇಲೆ ಹೋಗುತ್ತಿದ್ದ. ಸಪ್ನಾ ಅವನ ಹೆಂಡತಿ, ಮದುವೆಯಾಗಿ ವರ್ಷವಾಗಿತ್ತು. ಕಿರಿಯ ಸೊಸೆ ಲತಾ. ಅವಳು ಶೆಟ್ಲಿ, ಅಂದರೆ ಸಿಗಡಿ, ಸುಲಿಯುವ ಶೆಡ್ಡಿಗೆ ಹೋಗಿ ಬಂದು ಮಾಡುವ ಹುಡುಗಿ, ಮಾತು ಕಡಿಮೆ.

ಸಪ್ನಾಳ ತವರು ಅರ್ಗಾ. ಅವಳು ಹೈಸ್ಕೂಲಿನಲ್ಲಿದ್ದಾಗ ಅವರ ಕೇರಿ ನೌಕಾನೆಲೆಯ ಬೇಲಿಯೊಳಗೆ ಹೋಯಿತು. ಅಪ್ಪ ಬೊಮ್ಮಯ್ಯನಿಗೆ ಬೇರೆ ಕಡೆ ಮನೆ ಕಟ್ಟಲು ನೆಲ ಸಿಕ್ಕಿತು, ದೋಣಿ ಎಳೆಯಲು ದಂಡೆ ಸಿಗಲಿಲ್ಲ. ದೋಣಿಯನ್ನು ಮನೆಯಂಗಳದಲ್ಲೇ ಬೋರಲು ಹಾಕಿಟ್ಟಿದ್ದರಂತೆ. ಕೋಳಿಗಳು ಅದರಡಿ ಮೊಟ್ಟೆಯಿಡುತ್ತಿದ್ದವಂತೆ. ಇದನ್ನವಳು ನಗುತ್ತಲೇ ಹೇಳುತ್ತಿದ್ದಳು. ನಗದೆ ಹೇಳುತ್ತಿದ್ದ ಮಾತು ಒಂದೇ: "ನಂಗೊಂದು ಜಾಗ ಬೇಕು ವೈನಿ. ಯಾರೂ ಎಬ್ಬಿಸೂಕಾಗದ ಜಾಗ."

ಅವಳು ಹೇಳುತ್ತಿದ್ದುದು ಮಾರುಕಟ್ಟೆಯಲ್ಲಿ ಕಾಶಿಬಾಯಿ ಕೂರುವ ಜಾಗದ ಬಗ್ಗೆ. ಸಿಮೆಂಟು ಕಟ್ಟೆಯ ಮೇಲೆ ಒಂದು ಚಾಪೆಯಗಲ, ಅಷ್ಟೆ. ಅದಕ್ಕೆ ಕಾಗದಪತ್ರವಿಲ್ಲ, ಅತ್ತೆಯಿಂದ ಸೊಸೆಗೆ ಬರುತ್ತದೆ. ಅಕ್ಕಪಕ್ಕದ ಹೆಂಗಸರು ಒಪ್ಪಿದರೆ ಊರೇ ಒಪ್ಪಿದ ಹಾಗೆ. ಮಳೆಗಾಲಕ್ಕೆ ನಿಂತ ದೋಣಿಗಳು ನಾರಳಿ ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಮತ್ತೆ ನೀರಿಗಿಳಿಯುತ್ತವೆ. ಮೊದಲ ಮೀನು ಪೇಟೆಗೆ ಬಂದ ದಿನ ಹೊಸಬಳು ಕೂರಬೇಕು. ಕೈತುಂಬ ಹಸಿರು ಬಳೆ, ತಲೆತುಂಬ ಅಬ್ಬಲಿಗೆ ಹೂವು, ಎರಡೂ ಅಂಗೈಗೆ ಮದರಂಗಿ. ಅತ್ತೆ ಮೊದಲ ಮೀನನ್ನು ಎತ್ತಿ ಆ ಅಂಗೈಯ ಮೇಲಿಡುತ್ತಾಳೆ. ಅಲ್ಲಿಂದಾಚೆ ಜಾಗ ಅವಳದು. ಆದರೆ ಜಾಗವನ್ನು ಖಾಲಿ ಬಿಡುವಂತಿಲ್ಲ. ಖಾಲಿ ಬಿಟ್ಟರೆ ಪಕ್ಕದವರ ಬುಟ್ಟಿ ಮೆಲ್ಲಗೆ ಸರಿದು ಬರುತ್ತದೆ. ಕಾಶಿಬಾಯಿಯ ಮೊಣಕಾಲು ಮಡಚಲು ಬರದಂತಾಗಿತ್ತು. ಆ ಶ್ರಾವಣಕ್ಕೆ ಸಪ್ನಾ ಕೂರುವುದೆಂದು ಮನೆಯಲ್ಲಿ ಮಾತಾಗಿತ್ತು.

ಇದು ಎರಡು ಸಾವಿರದ ನಾಲ್ಕರ ಮಳೆಗಾಲದ ಮಾತು. ಮೀನುಗಾರಿಕೆ ನಿಂತಿತ್ತು, ಗಂಡಸರು ಬಲೆ ಹೆಣೆಯುತ್ತ ಕೂತಿದ್ದರು. ಮಧ್ಯಾಹ್ನ ಮಗಳು ಮಲಗಿದ ಮೇಲೆ ನಮ್ಮ ಮನೆಯಲ್ಲಿ ಮೂವರು ಸೇರುತ್ತಿದ್ದೆವು. ಮೂರನೆಯವಳು ಯಶೋದಾ, ಸಪ್ನಾಳ ಹೈಸ್ಕೂಲಿನ ಗೆಳತಿ. ಅಂಕೋಲೆಯ ಕಡೆ, ಅವರ್ಸಾದ ಹತ್ತಿರದ ಹಳ್ಳಿಯ ಒಕ್ಕಲು ಮನೆಯ ಹುಡುಗಿ. ದಿನಾ ಬಸ್ಸಿನಲ್ಲಿ ಬಂದು ಕಾರವಾರದ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಕಲಿಯುತ್ತಿದ್ದಳು. ಹೈಸ್ಕೂಲಿನಲ್ಲಿರುವಾಗ ಗಣೇಶ ಚೌತಿಯ ಪೆಂಡಾಲುಗಳಲ್ಲಿ ಇಬ್ಬರೂ ಜೋಡಿಯಾಗಿ ರೆಕಾರ್ಡ್ ಡ್ಯಾನ್ಸ್ ಮಾಡಿದವರು. ಯಾವ ಹಾಡಿಗೆ ಯಾವ ಹೆಜ್ಜೆಯೆಂದು ಕೇಳಿದರೆ ಈಗಲೂ ಸಪ್ನಾ ಕೂತಲ್ಲೇ ಭುಜ ಕುಣಿಸಿ ತೋರಿಸುತ್ತಿದ್ದಳು.

ಯಶೋದಾ ಹೊಸ ಸುದ್ದಿ ತರುತ್ತಿದ್ದಳು. ಈ ಸಲ ಎಲ್ಲರೂ ಕೂದಲು ನೇರ ಮಾಡಿಸುತ್ತಿದ್ದಾರೆ. ಚೂಡಿದಾರದ ಟಾಪು ಗಿಡ್ಡವಾಗಿದೆ, ಕೆಳಗೆ ನೆರಿಗೆ ನೆರಿಗೆಯ ಪಟಿಯಾಲಾ ಬಂದಿದೆ. ಕೂದಲಿಗೆ ಚಿಟ್ಟೆ ಕ್ಲಿಪ್ಪು ಈಗ ಯಾರೂ ಹಾಕುವುದಿಲ್ಲ. ಸಪ್ನಾ ನಿತೇಶನ ಕಡೆಯಿಂದ ಎಂಪಿತ್ರೀ ಸೀಡಿ ತರಿಸುತ್ತಿದ್ದಳು. ಒಂದೇ ಸೀಡಿಯಲ್ಲಿ ನೂರಾರು ಹಾಡು. ಅರ್ಧಕ್ಕರ್ಧ ಮಧ್ಯದಲ್ಲೇ ನಿಂತುಹೋಗುತ್ತಿದ್ದವು, ಆದರೂ ಅವಳಿಗೆ ಅದು ದೊಡ್ಡ ಆಸ್ತಿ. ನಾನು ಹುಬ್ಬಳ್ಳಿಯಲ್ಲಿ ಕಾಲೇಜು ಓದಿದವಳು. ನನ್ನ ಪೆಟ್ಟಿಗೆಯಲ್ಲಿ ಭಾವಗೀತೆಯ ಕ್ಯಾಸೆಟ್ಟುಗಳಿದ್ದವು. ಒಂದನ್ನು ಹಾಕಿದೆ. ಇಬ್ಬರೂ ಮರ್ಯಾದೆಗೆ ಒಂದು ಹಾಡು ಕೇಳಿದರು.

"ಚೊಲೋ ಅದೆ," ಅಂದಳು ಸಪ್ನಾ. "ಆದ್ರೆ ಇದ್ನ ಮಾರ್ಕೆಟ್ಟಲ್ಲಿ ಹಾಕಿದ್ರೆ ಸತ್ತ ಬಂಗಡೆನೂ ಅಳ್ತದೆ."

"ಮತ್ತ ನೀ ಏನ್ ಹಾಕಾಕಿ?" ಅಂತ ಕೇಳಿದೆ.

"ನಾ ಕೂತ್ರೆ ಟೇಪ್ ಇಟ್ಕಂಡೇ ಕೂರ್ತೆ. ಬಂಗಡೆಗೊಂದು ಹಾಡು, ಇಸೋಣಕ್ಕೊಂದು ಹಾಡು."

"ಶೆಟ್ಲಿಗೆ?" ಅಂದಳು ಯಶೋದಾ.

"ಶೆಟ್ಲಿಗೆ ರಿಮಿಕ್ಸು. ಅದು ಜಿಗೀತದಲ್ಲ."

ಕಾಶಿಬಾಯಿ ಆಚೆ ಕಟ್ಟೆಯ ಮೇಲಿಂದ ಕೂಗಿ ಹೇಳಿದಳು: "ಮೀನು ತಕಂಬೂಕೆ ಬಂದವ್ರು ಕುಣ್ಕಂಡು ಹೋಗಬೇಕನೇ?"

"ಕುಣೀಲಿ ಅತ್ತೇ. ಕುಣಿಯೋರು ಚೌಕಾಶಿ ಮಾಡೂದಿಲ್ಲ."

ಟಿವಿಯಲ್ಲಿ ಸೊಂಟದ ಕೆಳಗಿಳಿದ ಪ್ಯಾಂಟು ತೊಟ್ಟ ಹುಡುಗಿಯರು ಬಂದರೆ, "ನಮ್ಮನೆ ಗಂಡಸ್ರು ದೋಣಿಲಿ ಹಿಂಗೇ ಕಟ್ಕಂಡಿರ್ತ್ರು, ಅವ್ರ ಫೋಟೋ ಯಾರೂ ತೆಗೂದಿಲ್ಲ" ಅನ್ನುವಳು. ಕೂದಲು ನೇರ ಮಾಡಿಸಲು ಪಾರ್ಲರಿಗೆ ಹೋಗುವ ಶಕ್ತಿಯಿರಲಿಲ್ಲವಾಗಿ ನಮ್ಮ ಇಸ್ತ್ರಿಪೆಟ್ಟಿಗೆಯನ್ನೇ ಬಳಸಿದರು. ಸಪ್ನಾ ಮಣೆಯ ಮೇಲೆ ತಲೆಯಿಟ್ಟು ಮಲಗಿದಳು, ಯಶೋದಾ ಅವಳ ಕೂದಲ ಮೇಲೆ ಟವೆಲ್ ಹಾಸಿ ಇಸ್ತ್ರಿ ಎಳೆದಳು. ನಾನು ಮಗಳನ್ನೆತ್ತಿಕೊಂಡು ದೂರ ನಿಂತು, ಸುಡ್ತದ, ಸುಡ್ತದ ಅನ್ನುತ್ತಿದ್ದೆ. ಸುಡಲಿಲ್ಲ. ಮುಂದಿನ ಒಂದು ಕುಚ್ಚಿಗೆ ಕೆಂಚು ಬಣ್ಣವನ್ನೂ ಹಾಕಿಸಿಕೊಂಡಳು. ಕಾಶಿಬಾಯಿ ನೋಡಿ, ಕೊಪ್ಪರಿಗೆಯ ತಳಕ್ಕೆ ತುಕ್ಕು ಹಿಡಿದ ಹಾಗಿದೆ ಅಂದಳು.

ಆ ದಿನಗಳಲ್ಲಿ ನಾನು ಮಗಳ ಉಸಿರು ನೋಡುವುದನ್ನು ಮಧ್ಯೆ ಮಧ್ಯೆ ಮರೆಯುತ್ತಿದ್ದೆ. ಈಗ ಆ ಮಧ್ಯಾಹ್ನಗಳನ್ನು ನೆನೆಯುವುದೇ ಬೇಡವೆನಿಸುತ್ತದೆ. ನೆನೆಯದೆ ಇರಲೂ ಆಗುವುದಿಲ್ಲ.

ಹುಣ್ಣಿಮೆಗೆ ವಾರವಿರುವಾಗ ಒಂದು ರಿಮಿಕ್ಸ್ ಹಾಡು ಮತ್ತೆ ಮತ್ತೆ ಬರುತ್ತಿತ್ತು. ಅದರಲ್ಲಿ ಕುಣಿಯುವ ಹುಡುಗಿಯ ಕೈಯಲ್ಲಿ ಬೆರಳ ತುದಿಯಿಂದ ಮೊಣಕೈವರೆಗೆ ಹಬ್ಬಿದ ಕಪ್ಪು ಬಳ್ಳಿ. ಕೆಂಪಲ್ಲ, ಶಾಯಿಯಂಥ ಕಪ್ಪು. ಸಪ್ನಾ ಎದ್ದು ಟಿವಿಯ ಹತ್ತಿರ ಹೋಗಿ ನಿಂತಳು.

"ಯಶೋದಾ, ನಾ ಕೂರೂ ದಿನ ನಂಗೆ ಇದು ಬೇಕು."

"ಅದು ನಮ್ಮ ಮದರಂಗಿ ಅಲ್ಲ. ಕಪ್ಪು ಕೋನು ಹೇಳಿ ಬರ್ತದೆ. ಮಡಗಾಂವ್ ಬದಿಗೆ ಸಿಗ್ತದೆ, ತರಿಸ್ತೆ."

"ಮಾರ್ಕೆಟ್ಟಲ್ಲಿ ಎಲ್ಲಾರ್ದೂ ಕೆಂಪು ಕೈ. ನಂದೊಂದೇ ಕಪ್ಪು. ಜನ ಮೀನು ನೋಡೂದಿಲ್ಲ, ಕೈ ನೋಡ್ತ್ರು, ಕಡೆಗೆ ಮೀನೂ ತಕಂತ್ರು."

ಕಾಶಿಬಾಯಿ ಅಂಗಳದ ಗಿಡದಿಂದ ಸೊಪ್ಪು ಕೊಯ್ದು ಅರೆಯಲು ಇಟ್ಟಿದ್ದಳು. ಸಪ್ನಾ ಅದನ್ನು ಲತಾಳಿಗೆ ಕೊಟ್ಟುಬಿಟ್ಟಳು. ಹುಣ್ಣಿಮೆಗೆ ಎರಡು ದಿನವಿರುವಾಗ ಯಶೋದಾ ಕೋನು ತಂದಳು. ಅದರ ಮೇಲೆ ಹೆಸರಿರಲಿಲ್ಲ. ವಾಸನೆ ಮಾತ್ರ ಮದರಂಗಿಯದಲ್ಲ, ತಲೆಗೆ ಹಚ್ಚುವ ಬಣ್ಣದ ಹಾಗೆ ಘಾಟು. ಯಶೋದಾಳ ಕೈಬರಹ ಚೆಂದ. ಬಳ್ಳಿ, ಎಲೆ, ನಡುವೆ ಸಣ್ಣ ಮೀನು. ಎರಡೂ ಕೈಗೆ ಮಧ್ಯಾಹ್ನವಿಡೀ ಹಿಡಿಯಿತು. ಕಡೆಯಲ್ಲಿ ಉಳಿದಿದ್ದನ್ನು ಮಗಳ ಕಾಲಿಗೆ ಒಂದು ಬೊಟ್ಟು ಇಡುತ್ತೇನೆ ಅಂದಳು.

"ಏ ಬ್ಯಾಡವಾ, ಕೂಸಿಗೆ ಬ್ಯಾಡ," ಅಂದೆ.

"ಬ್ಯಾಡವಾ," ಎಂದು ಇಬ್ಬರೂ ನನ್ನ ಹುಬ್ಬಳ್ಳಿಯನ್ನು ಅಣಕಿಸಿ ನಕ್ಕರು.

ತೊಳೆದಾಗ ಟಿವಿಯಲ್ಲಿದ್ದ ಹಾಗೇ ಬಂದಿತ್ತು. ಸಪ್ನಾ ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು, ಯಾರೋ ತುಂಬಿದ ಪಾತ್ರೆ ಕೊಟ್ಟಿರುವ ಹಾಗೆ ಕೇರಿಯ ಉದ್ದಕ್ಕೂ ನಡೆದು ತೋರಿಸಿ ಬಂದಳು.

ಮರುದಿನ ಸಂಜೆ ತುರಿಕೆ ಎಂದಳು. ಹುಣ್ಣಿಮೆಯ ಬೆಳಿಗ್ಗೆ ಗೋಡೆಯಾಚೆ ಕಾಶಿಬಾಯಿಯ ದನಿ ಕೇಳಿ ಓಡಿದೆ. ಸಪ್ನಾ ಹೊಸ್ತಿಲ ಮೇಲೆ ಕೂತಿದ್ದಳು. ಬಳ್ಳಿ ಎಲ್ಲೆಲ್ಲಿ ಹಬ್ಬಿತ್ತೋ ಅಲ್ಲಲ್ಲೇ ಚರ್ಮ ಉಬ್ಬಿತ್ತು. ಎಲೆ ಎಲೆಗೂ ಒಂದು ನೀರುಗುಳ್ಳೆ. ಅಂಗೈ ನಡುವಿನ ಮೀನೂ ಗುಳ್ಳೆಯಾಗಿತ್ತು. ಬೊಟ್ಟು ಇಡಲು ಬಿಟ್ಟಿರದಿದ್ದರೂ ಮೊದಲು ಹೋಗಿ ಮಗಳ ಕಾಲು ನೋಡಿ ಬಂದೆ.

"ಡಾಕ್ಟರ್ ಕಡೆ ಹೋಗೋಣ ನಡೀ," ಅಂದೆ.

"ಎಂತಾ ಡಾಕ್ಟ್ರು," ಅಂದಳು ಕಾಶಿಬಾಯಿ. "ಇವತ್ತು ಹುಣ್ಣಿಮೆ. ಇವತ್ತಿನ ನೀರಿಗೆ ಕೈ ಹಾಕಿದ್ರೆ ಎಲ್ಲಾ ಒಣಗ್ತದೆ."

ಅವರಲ್ಲಿ ಗಾಳ ಚುಚ್ಚಿದರೂ, ಕಲ್ಲುಚಿಪ್ಪು ಕೊಯ್ದರೂ, ಮೀನಿನ ಮುಳ್ಳು ಹೊಕ್ಕರೂ ಮೊದಲ ಔಷಧಿ ಸಮುದ್ರದ ನೀರು. ನಿತೇಶನ ಕಾಲಲ್ಲಿ ಹಗ್ಗ ಕೊರೆದ ಗಾಯ ಹಾಗೇ ಮಾಯ್ದದ್ದನ್ನು ನಾನೇ ಕಂಡಿದ್ದೆ. ಆದರೆ ಇದು ಹೊರಗಿನಿಂದ ಆದ ಗಾಯವಲ್ಲ, ಒಳಗಿಳಿದ ವಿಷ ಎಂದು ನನಗೆ ಅನ್ನಿಸುತ್ತಿತ್ತು. ಹೇಳಿದೆ.

"ನಿಮ್ಮ ಘಟ್ಟದ ಮೇಲೆ ಸಮುದ್ರ ಇಲ್ಲ ತಂಗೀ. ಅದ್ಕೇ ನಿಮ್ಗೆ ಎಲ್ಲದ್ಕೂ ಡಾಕ್ಟ್ರು."

ಸಪ್ನಾ ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. "ನಾಕು ದಿನದಲ್ಲಿ ಕೂರಬೇಕಲ್ಲ ವೈನಿ," ಅಂದಳು. "ಡಾಕ್ಟ್ರು ಕೈ ನೆನೆಸಬೇಡ ಹೇಳ್ತ್ರು. ಕೈ ನೆನೆಸದೆ ಮೀನು ಮಾರೂದು ಹ್ಯಾಂಗೆ?"

ದಂಡೆಯಲ್ಲಿ ಗಂಡಸರು ತೆಂಗಿನಕಾಯಿಗೆ ಕುಂಕುಮ ಹಚ್ಚಿ ತೆರೆಗೆ ಬಿಡುತ್ತಿದ್ದರು. ಅವರಿಂದ ಸ್ವಲ್ಪ ದೂರ ಸಪ್ನಾ ಮೊಣಕಾಲುದ್ದ ನೀರಲ್ಲಿ ನಿಂತು, ಬಗ್ಗಿ, ಎರಡೂ ಕೈಗಳನ್ನು ಮುಳುಗಿಸಿದಳು. ಕೂಗಲಿಲ್ಲ. ತೆರೆ ಹಿಂದಕ್ಕೆ ಹೋದಾಗಲೂ ಬಗ್ಗಿಯೇ ಇದ್ದಳು, ಮುಂದಿನ ತೆರೆಗೆ ಕಾಯುತ್ತ. ಆಮೇಲೆ ದಿನಾ ಬೆಳಿಗ್ಗೆ, ಸಂಜೆ ಹೋದಳು. ಉರಿ ಹೆಚ್ಚಾದಷ್ಟೂ ಔಷಧಿ ಹತ್ತುತ್ತಿದೆ ಎಂದು ಅತ್ತೆ ಹೇಳಿದಳು, ಸೊಸೆ ನಂಬಿದಳು. ನಂಬದೆ ಅವಳಿಗೆ ಬೇರೆ ದಾರಿಯಿರಲಿಲ್ಲ. ಮೂರನೆಯ ದಿನ ಗುಳ್ಳೆಗಳೆಲ್ಲ ಒಡೆದು, ಬೆರಳು ಮಡಚಲಾಗದಷ್ಟು ಊದಿ, ಕೀವು ಕಟ್ಟಿತು. ಆಗ ನಿತೇಶ ಬೈಕಿನ ಮೇಲೆ ಕೂರಿಸಿಕೊಂಡು ಡಾಕ್ಟರ ಹತ್ತಿರ ಕರೆದೊಯ್ದ. ನಾನೂ ರಿಕ್ಷಾದಲ್ಲಿ ಹೋದೆ. ಡಾಕ್ಟರು ಮೊದಲು ಕೇಳಿದ್ದು, ತಲೆಗೆ ಬಣ್ಣ ಹಚ್ಚಿದ್ದಿರಾ ಎಂದು. ಆ ಬಣ್ಣದ್ದೇ ಔಷಧಿ ಆ ಕೋನಿನಲ್ಲೂ ಇತ್ತಂತೆ; ಒಮ್ಮೆ ಒಳಗೆ ಹೊಕ್ಕ ಮೇಲೆ ಮೈ ಅದನ್ನು ಗುರುತು ಹಿಡಿಯುತ್ತದಂತೆ. ಮುಲಾಮು ಕೊಟ್ಟರು. ಉಪ್ಪುನೀರು, ಬರ್ಫ, ಮೀನು ಯಾವುದನ್ನೂ ತಿಂಗಳು ಮುಟ್ಟಬಾರದು ಅಂದರು.

ಮೊದಲ ಮೀನು ಮರುದಿನವೇ ಬಂತು.

ಅವಳು ಕೂತಳು. ನಿತೇಶ ಬೇಡವೆಂದ, ನಾನು ಬೇಡವೆಂದೆ; ಲತಾಳೂ ಬಾಯಿಬಿಟ್ಟು, "ಅಕ್ಕಾ, ಇವತ್ತೊಂದಿನ ನಾ ಕೂತಿರ್ತೆ" ಅಂದಳು. ಸಪ್ನಾ ಕೇಳಲಿಲ್ಲ. ಹಸಿರು ಬಳೆಗಳು ಊದಿದ ಕೈಗೆ ಹತ್ತದೆ ನಾಲ್ಕನ್ನು ಒಡೆದುಕೊಂಡಳು. ಕೈಗೆ ಹಳೆ ಸೀರೆಯ ಬಟ್ಟೆ ಸುತ್ತಿದ್ದಳು. ನಾನು ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗಿ, ಗಿರಾಕಿಗಳ ಮುಂದಿನ ಸಾಲಲ್ಲೇ ನಿಂತೆ. ಕಾಶಿಬಾಯಿ ಕೋಲೂರಿಕೊಂಡು ಬಂದು ಬುಟ್ಟಿಯಿಂದ ಒಂದು ಇಸೋಣ ಮೀನು ಎತ್ತಿದಳು. ಬಟ್ಟೆಯ ಮೇಲೆ ಇಡುವ ಹಾಗಿಲ್ಲ. ಸಪ್ನಾ ಬಟ್ಟೆ ಬಿಚ್ಚಿದಳು. ಅಂಟಿಕೊಂಡಿದ್ದ ಬಟ್ಟೆ ಚರ್ಮದ ಜೊತೆಗೇ ಬಂತು. ಬರ್ಫದ ನೀರು ಇಳಿಯುತ್ತಿದ್ದ ಮೀನು ಅಂಗೈಗೆ ತಾಗಿದ ಕೂಡಲೇ ಅವಳ ಕೈ ತಾನಾಗಿ ಹಿಂದೆ ಸರಿಯಿತು. ಮೀನು ನೆಲಕ್ಕೆ ಬಿತ್ತು.

ಸಪ್ನಾ ತಾನೇ ಬಗ್ಗಿ ಮೀನನ್ನು ಎತ್ತಿ ಕಟ್ಟೆಯ ಮೇಲಿಟ್ಟು, ಕೂತು, "ಬನ್ನಿ, ಇಸೋಣ ಬನ್ನಿ" ಎಂದು ಕರೆದಳು.

ಜನ ಬಂದರು, ಬಗ್ಗಿದರು, ಕೈ ನೋಡಿದರು, ಮುಂದೆ ಹೋದರು.

"ಕೈಗೆ ಎಂತಾ ರೋಗ ಇದು?" ಒಬ್ಬ ಕೇಳಿದ.

"ರೋಗ ಅಲ್ರೀ, ಮದರಂಗಿ."

"ಮದರಂಗಿ ಹಿಂಗಿರ್ತದಾ?"

ಅವಳು ನನ್ನ ಕಡೆ ನೋಡಿದಳು. ನಾನು ಬಂಗಡೆ ಕೊಂಡೆ. ಆ ದಿನ ಅವಳಿಂದ ಕೊಂಡವಳು ನಾನೊಬ್ಬಳೇ ಇರಬೇಕು.

ನಾಲ್ಕಾರು ದಿನ ಹಟ ಹಿಡಿದು ಕೂತಳು. ಅಷ್ಟರಲ್ಲಿ ಕಾಶಿಯ ಸೊಸೆಗೆ ಮಹಾರೋಗ ಎಂದು ಪೇಟೆಯಲ್ಲಿ ಸುದ್ದಿ ಹಬ್ಬಿತು. ಪಕ್ಕದ ಜಾಗದ ಹೆಂಗಸು, ವರ್ಷಾನುಗಟ್ಟಲೆ ಕಾಶಿಬಾಯಿಯ ಎಲೆಯಡಿಕೆ ಹಂಚಿಕೊಂಡವಳು, ಮನೆಗೇ ಬಂದು ಹೇಳಿ ಹೋದಳು: "ಸಿಟ್ಟಾಗಬೇಡ ಕಾಶೀ. ನಿನ್ನ ಸೊಸೆ ಕೈ ನೋಡಿ ನಮ್ಮ ಬುಟ್ಟಿಗೂ ಯಾರೂ ಬಗ್ಗೂದಿಲ್ಲ. ನಾವೂ ಉಣ್ಣಬೇಕಲ್ಲ."

ಅವಳು ಹೋದ ಮೇಲೆ ಕಾಶಿಬಾಯಿ ಮೊಣಕಾಲು ತಿಕ್ಕಿಕೊಳ್ಳುತ್ತ ಕೂತಳು. ನಾನು ಅವರ ಮನೆಯಲ್ಲೇ ಇದ್ದೆ, ಮುಲಾಮು ಹಚ್ಚಲು ಹೋದವಳು.

"ನಾಳಿಂದ ಲತಾ ಹೋಗ್ಲಿ," ಅಂದಳು.

ಸಪ್ನಾ ಕೇಳಿದಳು, "ನನ್ನ ಕೈ ಗುಣ ಆದ್ಮೇಲೆ?"

ಕಾಶಿಬಾಯಿ ಕೋಲೂರಿಕೊಂಡು ಎದ್ದು ಒಳಗೆ ಹೋದಳು. ಒಮ್ಮೆ ಒಬ್ಬಳ ಅಂಗೈಯಲ್ಲಿ ಮೀನು ನಿಂತರೆ, ಅವಳ ಕೈಲಾಗುವವರೆಗೆ ಜಾಗ ಇನ್ನೊಬ್ಬಳಿಗೆ ಹೋಗುವ ಪದ್ಧತಿ ಇರಲಿಲ್ಲ; ಸಪ್ನಾಳ ಕೈಯಲ್ಲಿ ಅದು ನಿಂತಿರಲಿಲ್ಲ. ಮರುದಿನ ಲತಾಳ ಕೈಗೆ ಇಟ್ಟರು. ಅವಳ ಅಂಗೈ ಅಂಗಳದ ಸೊಪ್ಪಿನಿಂದ ಕೆಂಪಾಗಿತ್ತು. ಮೀನು ಬೀಳಲಿಲ್ಲ.

ದೀಪಾವಳಿಯ ಹೊತ್ತಿಗೆ ಸಪ್ನಾಳ ಕೈ ಒಣಗಿತು. ಆದರೆ ಬಳ್ಳಿ ಹೋಗಲಿಲ್ಲ. ಕಪ್ಪಿದ್ದಲ್ಲೆಲ್ಲ ಬಿಳಿಯಾಗಿ ನಿಂತಿತು. ದೂರದಿಂದ ನೋಡಿದರೆ ತೊನ್ನಿನ ಹಾಗೆ. ಹತ್ತಿರದಿಂದ ನೋಡಿದರೆ ಎಲೆಗಳು ಕಾಣುತ್ತಿದ್ದವು. ಹತ್ತಿರದಿಂದ ನೋಡಲು ಯಾರು ನಿಲ್ಲುತ್ತಾರೆ. ಕೇರಿಯಲ್ಲಿ ಎಲ್ಲರಿಗೂ ಸಂಗತಿ ಗೊತ್ತಿತ್ತು, ಆದರೂ ಪೂಜೆಯ ಮನೆಗಳಲ್ಲಿ ಅವಳಿಗೆ ಕೈಕೆಲಸ ಹೇಳುವುದನ್ನು ಬಿಟ್ಟರು. ಹುಬ್ಬಳ್ಳಿಯಲ್ಲಿ ಚರ್ಮದ ದೊಡ್ಡ ಡಾಕ್ಟರಿದ್ದಾರೆ, ಇದು ಅಂಟುವ ರೋಗವಲ್ಲ ಎಂದು ಬರೆಸಿಕೊಂಡು ಬರೋಣ ಅಂದೆ.

"ಬರ್ಸಿ ಎಲ್ಲಿಡೂದು ವೈನಿ? ಬುಟ್ಟಿ ಮೇಲಾ?"

ಚಳಿಗಾಲದಲ್ಲಿ ಒಂದು ಪ್ರಯತ್ನ ಮಾಡಿದಳು. ಬೆಳಗಿನ ಬಸ್ಸಿಗೆ ಬುಟ್ಟಿ ಹಾಕಿಕೊಂಡು ಮಲ್ಲಾಪುರಕ್ಕೆ ಹೋಗಿ, ಅಣುವಿದ್ಯುತ್ ಸ್ಥಾವರದ ಟೌನ್‌ಶಿಪ್ಪಿನ ಕ್ವಾರ್ಟರ್ಸುಗಳ ಮುಂದೆ ಮಾರುವುದು. ಅಲ್ಲಿ ಎಲ್ಲೆಲ್ಲಿಂದಲೋ ಬಂದ ಜನ; ಯಾರಿಗೂ ಅವಳು ಗೊತ್ತಿಲ್ಲ. ಉದ್ದ ತೋಳಿನ ರವಿಕೆ ಹೊಲಿಸಿಕೊಂಡಳು. ಮೀನನ್ನು ಎಲೆಯಲ್ಲಿ ಹಿಡಿದು ಕೊಡುತ್ತಿದ್ದಳಂತೆ. ಹಾಗೆ ಕೆಲವು ದಿನ ನಡೆಯಿತು. ಒಂದು ದಿನ ಒಬ್ಬಾಕೆ, ಕಾರವಾರದಲ್ಲಿ ತವರಿದ್ದವಳು, ಎರಡನೆಯ ಮಹಡಿಯಿಂದ ಇಳಿದು ಬಂದು, "ನೀ ಬೈತಖೋಲ ಕಾಶಿ ಸೊಸೆ ಅಲ್ಲಾ?" ಎಂದಳು. ಸಪ್ನಾ ಹೌದೆಂದಳು. ಸುಳ್ಳು ಹೇಳಬಹುದಿತ್ತಲ್ಲ ಎಂದು ನಾನು ಆಮೇಲೆ ಕೇಳಿದೆ. "ಅತ್ತೆ ಹೆಸ್ರು ತೆಗ್ದು ಕೇಳ್ದ್ರು. ಅಲ್ಲ ಹೇಳೂದು ಹ್ಯಾಂಗೆ?" ಅಂದಳು. ಅಂದು ತಂದ ಬುಟ್ಟಿ ಹಾಗೇ ವಾಪಸು ಬಂತು. ಮತ್ತೆ ಅವಳು ಹೋಗಲಿಲ್ಲ.

ಯಶೋದಾ ಪಾರ್ಲರು ಬಿಟ್ಟಳು. ಒಮ್ಮೆ ಬಂದಿದ್ದಳು; ಸಪ್ನಾ ಅವಳಿಗೆ ಚಹ ಮಾಡಿಕೊಟ್ಟು, ಯಾವ ಹೊಸ ಹಾಡು ಬಂದಿದೆ ಎಂದು ಕೇಳಿದಳು. ಯಶೋದಾ ಲೋಟ ಕೆಳಗಿಟ್ಟು ಎದ್ದು ಹೋದಳು. ಬಹಳ ದಿನದ ಮೇಲೆ ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಸಿಕ್ಕಳು. ಗದ್ದೆ ಕೆಲಸಕ್ಕೆ ಹೋಗುತ್ತಿದ್ದಳು, ಕಾಲಿನ ಮೇಲೆ ಕೆಸರು ಒಣಗಿತ್ತು. "ಸಪ್ನಾ ನಂಗೆ ಬೈದಿದ್ರೆ ಚೊಲೋ ಇತ್ತಕ್ಕಾ," ಅಂದಳು. "ಬೈಯ್ಯೂದಿಲ್ಲ ಅದು." ಬಸ್ಸು ಬಂತು, ಹತ್ತಿದಳು.

ನಮ್ಮ ಮಧ್ಯಾಹ್ನಗಳು ಮುಗಿದವು. ಸಪ್ನಾ ಈಗಲೂ ಬರುತ್ತಾಳೆ. ನಾನು ಹಾಡಿನ ಚಾನೆಲ್ ಹಾಕಿದರೆ ನೋಡುತ್ತಾಳೆ, ಬಂದ್ ಮಾಡಿದರೂ ಹಾಗೇ ಕೂತಿರುತ್ತಾಳೆ. ಕೈಗಳನ್ನು ಸೆರಗಿನಡಿ ಇಟ್ಟುಕೊಂಡಿರುತ್ತಾಳೆ. ಮಗಳು ಹೋಗಿ ಸೆರಗು ಎಳೆದರೆ, "ಬೇಡ ಬಾಳಾ" ಎಂದು ಮೊಣಕೈಯಿಂದ ಅವಳನ್ನು ನನ್ನ ಕಡೆ ಸರಿಸುತ್ತಾಳೆ. ಹಿಡಿದರೆ ಏನೂ ಆಗುವುದಿಲ್ಲ, ಹಿಡಿ ಎಂದು ನಾನು ಎಷ್ಟು ಸಲ ಹೇಳಿದರೂ ಅದೇ. ನಿತೇಶ ಸಮುದ್ರಕ್ಕೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಇವಳು ಮನೆಯಲ್ಲಿ ಅಡಿಗೆ ಮಾಡುತ್ತಾಳೆ, ಅತ್ತೆಯ ಕಾಲು ಒತ್ತುತ್ತಾಳೆ. ಇಪ್ಪತ್ಮೂರು ವರ್ಷಕ್ಕೆ ಅವಳ ಮುಂದೆ ಇನ್ನೇನೂ ಇಲ್ಲ.

ಲತಾ ಕೂತ ಮೇಲೆ ನಾನು ಆ ಸಾಲಿಗೆ ಹೋಗುವುದನ್ನು ಬಿಟ್ಟಿದ್ದೆ. ಬಂದರಿನ ಗೇಟಿನ ಹತ್ತಿರವೋ, ಸೈಕಲ್ಲಿನವನ ಹತ್ತಿರವೋ ಕೊಳ್ಳುತ್ತಿದ್ದೆ. ಮೊನ್ನೆ ಸಪ್ನಾ ನನ್ನ ಚೀಲದಲ್ಲಿದ್ದ ಬಂಗಡೆಯ ಕಿವಿರು ಎತ್ತಿ ನೋಡಿದಳು.

"ಎಲ್ಲಿ ತಕಂಡ್ರಿ ಇದ್ನ? ನಿನ್ನೆದು ಇದು."

ಹೇಳಿದೆ.

"ಲತಾ ಹತ್ರ ಎಂತಕ್ಕೆ ತಕಂಬೂದಿಲ್ಲ?"

"ಅದು ನಿನ್ನ ಜಾಗ," ಅಂದೆ. "ನನಗ ಮನಸ್ಸು ಬರೂದಿಲ್ಲ."

"ನಿಮ್ಮ ಹಾಂಗೆ ನಾಕು ಮಂದಿ ಬಿಟ್ರೆ ಆ ಜಾಗನೂ ಹೋತದೆ ವೈನಿ. ಅದೊಂದಾದ್ರೂ ಇರ್ಲಿ. ಲತಾ ಹತ್ರನೇ ತಕಣಿ. ಮಗೂಗೆ ನಿನ್ನೆ ಮೀನು ಕೊಡಬೇಡಿ." ಮೀನನ್ನು ಚೀಲಕ್ಕೆ ಹಾಕಿ, ಕೈಯನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡಳು.

ಇಂದು ಬೆಳಿಗ್ಗೆ ಹೋದೆ. ಲತಾಳ ಮುಂದೆ ಜನ ತುಂಬಿದ್ದರು. ನನ್ನ ಸರದಿ ಬಂದಾಗ ಅವಳು ತಲೆಯೆತ್ತಿ ಒಂದು ಕ್ಷಣ ನೋಡಿದಳು.

"ಅಕ್ಕ ಹೇಳಿ ಕಳ್ಸಿದ್ದಾ?" ಎಂದು ಮೆಲ್ಲಗೆ ಕೇಳಿದಳು.

ಹೌದೆಂದೆ. ಅವಳು ಮುಖ ತಗ್ಗಿಸಿ ಮೀನು ಆರಿಸಿ ಚೀಲಕ್ಕೆ ಹಾಕಿದಳು. ಇನ್ನೂ ಏನೋ ಹೇಳುವವಳಿದ್ದಳೇನೋ, ಅಷ್ಟರಲ್ಲಿ ಹಿಂದಿನಿಂದ ಯಾರೋ, "ತಕಂಡಾದ್ರೆ ಸರೀರಿ ಬಾಯೀ, ನಮ್ಗೂ ಹೊತ್ತಾತದೆ" ಎಂದರು. ನಾನು ಸರಿದೆ.